ಆರು ತಿಂಗಳು ಇಲ್ಲೇ ಇರಿ: ವಜೀರ್‌ನ ಮರಳಿನಲ್ಲಿ ಒಂದು ಮನ್ಯಾಟಾ

ಕೀನ್ಯಾದ ಈಶಾನ್ಯ ಭಾಗದಲ್ಲಿ ವಜೀರ್ ಎಂಬ ಊರಿದೆ. ಸುತ್ತಲೂ ಮರಳು, ಮುಳ್ಳುಗಿಡ, ಬಿಸಿಲು. ಊರು ಬದುಕಿರುವುದೇ ಬಾವಿಗಳಿಂದ. ಸೋಮಾಲಿ ಜನ ಒಂಟೆ, ಆಡು, ದನ ಹೊಡೆದುಕೊಂಡು ಮಳೆ ಬಿದ್ದ ಕಡೆ ಹೋಗುತ್ತಾರೆ. ನೀರು ಬತ್ತಿದಾಗ ಈ ಬಾವಿಗಳ ಹತ್ತಿರ ಬರುತ್ತಾರೆ. ಮತ್ತೆ ಹೊರಡುತ್ತಾರೆ.

ಇಂಥ ಒಂದು ಕುಟುಂಬದಲ್ಲಿ ಒಬ್ಬನಿಗೆ ಕ್ಷಯ ಬಂತು ಅಂದುಕೊಳ್ಳಿ. ಕಾಲ 1970ರ ದಶಕದ ಮೊದಲ ವರ್ಷಗಳು. ಆಗಿನ ಚಿಕಿತ್ಸೆ ಒಂದು ವರ್ಷದಿಂದ ಒಂದೂವರೆ ವರ್ಷ. ಮೊದಲು ಇಂಜೆಕ್ಷನ್, ಆಮೇಲೆ ದಿನವೂ ಮಾತ್ರೆ. ಎರಡು ತಿಂಗಳಲ್ಲಿ ಕೆಮ್ಮು ತಗ್ಗುತ್ತದೆ, ಮೈಗೆ ಸ್ವಲ್ಪ ಕಸುವು ಬರುತ್ತದೆ. ಅಷ್ಟರಲ್ಲಿ ದೂರದಲ್ಲಿ ಎಲ್ಲೋ ಮಳೆಯಾದ ಸುದ್ದಿ. ಒಂಟೆಗಳು ಹೊರಟರೆ ಅವನೂ ಹೊರಡಬೇಕು. ಮಾತ್ರೆ ಅರ್ಧಕ್ಕೇ ನಿಲ್ಲುತ್ತದೆ. ಕೆಲವು ತಿಂಗಳಲ್ಲಿ ರೋಗ ತಿರುಗಿ ಬರುತ್ತದೆ, ಈ ಸಲ ಔಷಧಿಗೆ ಬಗ್ಗದಿರಲೂಬಹುದು. ಅಷ್ಟರೊಳಗೆ ಅದೇ ಗುಡಿಸಲಿನಲ್ಲಿ ಮಲಗುವ ಮಕ್ಕಳಿಗೂ ಅಂಟಿರುತ್ತದೆ.

ಈ ಗಂಟು ಬಿಡಿಸಿದವರು ಡಾಕ್ಟರ್ ಅಲ್ಲ. ಇಟಲಿಯಲ್ಲಿ ಕಾನೂನು ಓದಿ ಬಂದಿದ್ದ ಒಬ್ಬ ಹೆಣ್ಣುಮಗಳು, ಅನ್ನಾಲೇನಾ ತೊನೆಲ್ಲಿ. ಕಥೋಲಿಕರು. ಕನ್ಯಾಸ್ತ್ರೀ ಅಲ್ಲ, ಯಾವ ಸನ್ಯಾಸಿನಿಯರ ಸಭೆಗೂ ಸೇರಿದವರಲ್ಲ. ನಮ್ಮ ಚರ್ಚುಗಳಲ್ಲಿ ಬಳಸುವ ಮಾತಿನಲ್ಲಿ ಹೇಳುವುದಾದರೆ ಶ್ರೀಸಾಮಾನ್ಯರು, ಅಂದರೆ ಗುರುವೋ ಸಿಸ್ಟರೋ ಆಗದ ಸಾಧಾರಣ ವಿಶ್ವಾಸಿ.

ಶ್ರೀಸಾಮಾನ್ಯ ಮಿಷನರಿಗಳ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಅವರು ಮಾಡಿದ ಕೆಲಸ ನೋಡುತ್ತೇವೆ. ಎಷ್ಟು ಆಸ್ಪತ್ರೆ, ಎಷ್ಟು ಶಾಲೆ, ಎಷ್ಟು ಬೋರ್‌ವೆಲ್. ಅವರು ಹೇಗೆ ಬದುಕಿದರು, ಯಾರ ಜೊತೆ ಉಂಡರು, ಯಾರ ಪಕ್ಕ ಮಲಗಿದರು ಅನ್ನುವುದನ್ನು ಊಟ-ವಸತಿಯ ಏರ್ಪಾಡು ಅಂತ ಬಿಟ್ಟುಬಿಡುತ್ತೇವೆ. ವಜೀರ್‌ನಲ್ಲಿ ಹಾಗಲ್ಲ. ಅಲ್ಲಿ ಒಟ್ಟಿಗೆ ಇರುವುದೇ ಚಿಕಿತ್ಸೆಯ ಅರ್ಧ ಭಾಗ ಆಗಿತ್ತು. ಅದಕ್ಕೇ ಈ ಪ್ರಕರಣವನ್ನು ಎತ್ತಿಕೊಂಡೆ.

ಬಂದವರು

ಅನ್ನಾಲೇನಾ ಹುಟ್ಟಿದ್ದು 1943ರ ಏಪ್ರಿಲ್ 2ರಂದು, ಇಟಲಿಯ ಫೋರ್ಲಿ ಎಂಬ ಊರಿನಲ್ಲಿ. ಕಾನೂನು ಓದುತ್ತಿದ್ದಾಗಲೇ ಊರಿನ ಬಡಗೇರಿಯ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದರು. ಅದೇ ಊರಿನ ಗೆಳೆಯರ ಜೊತೆ ಹಸಿವಿನ ವಿರುದ್ಧ ಒಂದು ಸಮಿತಿ ಕಟ್ಟಿದರು. ಮುಂದೆ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಅವರ ಕೆಲಸಕ್ಕೆ ಹಣ ಬಂದದ್ದು ಹೆಚ್ಚಾಗಿ ಈ ಗೆಳೆಯರಿಂದಲೇ. ಆಫ್ರಿಕಾದ ಕೆಲಸದ ಕಥೆ ಹೇಳುವಾಗ ಊರಲ್ಲೇ ಉಳಿದು ದುಡ್ಡು ಕೂಡಿಸಿದವರನ್ನು ಮರೆತುಬಿಡುತ್ತೇವೆ, ಅಲ್ವಾ? ಆ ಸಮಿತಿ ಇಲ್ಲದಿದ್ದರೆ ವಜೀರ್‌ಗೆ ಮಾತ್ರೆಯೂ ಬರುತ್ತಿರಲಿಲ್ಲ, ಹಿಟ್ಟೂ ಬರುತ್ತಿರಲಿಲ್ಲ.

ಕಾಲವೂ ಹಾಗೇ ಇತ್ತು. ಕಥೋಲಿಕ ಚರ್ಚಿನ ಬಿಷಪ್‌ಗಳೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮುಗಿದಿತ್ತು. ಚರ್ಚಿನ ಕೆಲಸ ಗುರುಗಳದ್ದು, ಸಿಸ್ಟರ್‌ಗಳದ್ದು ಮಾತ್ರ ಅಲ್ಲ, ದೀಕ್ಷಾಸ್ನಾನ ಪಡೆದ ಎಲ್ಲರದ್ದೂ ಎಂದು ಆ ಸಭೆ ಬಿಡಿಸಿ ಹೇಳಿತ್ತು. ಯುರೋಪಿನ ಎಷ್ಟೋ ಯುವಕ ಯುವತಿಯರು ಆ ಮಾತನ್ನು ಇದ್ದ ಹಾಗೇ ತೆಗೆದುಕೊಂಡು ಆಫ್ರಿಕಾಕ್ಕೆ ಹೊರಟರು. ಅನ್ನಾಲೇನಾ 1969ರ ಜನವರಿಯಲ್ಲಿ ಹೊರಟರು. ಆಗ ವಯಸ್ಸು ಇಪ್ಪತ್ತೈದು. ಮೊದಲು ಕಿಕುಯು ಜನರ ಸೀಮೆಯಲ್ಲಿ ಪಾಠ ಹೇಳಿದರು. ಆಮೇಲೆ ವಜೀರ್‌ಗೆ ಬಂದರು, ಅಲ್ಲಿಯೂ ಶಾಲಾ ಟೀಚರ್ ಆಗಿಯೇ.

ವಜೀರ್ ಆಗ ಸುಮ್ನೆ ಒಂದು ಹಿಂದುಳಿದ ಊರಾಗಿರಲಿಲ್ಲ. ಕೀನ್ಯಾ 1963ರಲ್ಲಿ ಸ್ವತಂತ್ರವಾದಾಗ ಈ ಭಾಗದ ಸೋಮಾಲಿಗಳು ಸೋಮಾಲಿಯಾ ಜೊತೆ ಸೇರಬೇಕೆಂದಿದ್ದರು. ನಾಲ್ಕು ವರ್ಷ ಕದನ ನಡೆಯಿತು. ಅದು ಮುಗಿದರೂ ತುರ್ತು ಪರಿಸ್ಥಿತಿ ಮುಗಿಯಲಿಲ್ಲ, 1991ರವರೆಗೂ ಇತ್ತು. ಸರ್ಕಾರಕ್ಕೆ ಅಲ್ಲಿಯ ಜನರ ಮೇಲೆ ಅನುಮಾನ, ಜನಕ್ಕೆ ಸೈನ್ಯದ ಭಯ.

ಅಂಥ ಕಡೆ ಅವರು ಎಲ್ಲ ರೀತಿಯಲ್ಲೂ ತಪ್ಪಾದ ವ್ಯಕ್ತಿ. 2001ರಲ್ಲಿ ವ್ಯಾಟಿಕನ್‌ನಲ್ಲಿ ಮಾತಾಡುವಾಗ ಅವರೇ ಇದನ್ನು ನೆನೆದರು. ಚಿಕ್ಕ ವಯಸ್ಸು, ಹಾಗಾಗಿ ಮಾತಿಗೆ ಬೆಲೆ ಇಲ್ಲ. ಬಿಳಿಯಳು. ಕ್ರೈಸ್ತಳು. ಎಲ್ಲಕ್ಕಿಂತ ಮುಖ್ಯವಾಗಿ ಮದುವೆಯಾಗದವಳು. ಮದುವೆಯಿಲ್ಲದೆ ಇರುವುದು ಸೋಮಾಲಿಗಳಿಗೆ ಅರ್ಥವೇ ಆಗದ ಸಂಗತಿ. ಮೂವತ್ತು ವರ್ಷ ಕಳೆದ ಮೇಲೂ ಈ ಒಂದು ವಿಷಯಕ್ಕೆ ಜನ ತನ್ನ ಮೇಲೆ ಮರುಗುತ್ತಾರೆ ಎಂದು ಅವರು ಹೇಳಿದ್ದರು.

ಏಳು ಹೆಂಗಸರು, ಒಂದು ಮನೆ

ಕ್ರಮೇಣ ಇಟಲಿಯಿಂದ ಜೊತೆಗಾತಿಯರು ಬಂದರು. ಮೊದಲು ಬಂದವರಲ್ಲಿ ಮರಿಯಾ ತೆರೇಸಾ ಬತ್ತಿಸ್ತಿನಿ ಒಬ್ಬರು. ಕಡೆಗೆ ಏಳು ಹೆಂಗಸರಾದರು. ಯಾರಿಗೂ ಸಂಬಳವಿಲ್ಲ. ಯಾರೂ ಸನ್ಯಾಸದ ಉಡುಪು ತೊಟ್ಟವರಲ್ಲ. ಮೇಲೆ ಮಠದ ಮುಖ್ಯಸ್ಥೆ ಇಲ್ಲ, ವರ್ಗಾವಣೆ ಮಾಡುವವರಿಲ್ಲ, ವಯಸ್ಸಾದ ಮೇಲೆ ನೋಡಿಕೊಳ್ಳುವ ಸಂಸ್ಥೆಯೂ ಇಲ್ಲ.

ಪೋಲಿಯೋ ಬಂದ ಮಕ್ಕಳು, ಕುರುಡು ಮಕ್ಕಳು, ಕಿವುಡು ಮಕ್ಕಳು, ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳು ಇವರಿಗಾಗಿ ಅವರು ಒಂದು ಪುನರ್ವಸತಿ ಕೇಂದ್ರ ನಡೆಸಿದರು. ಅಲೆಮಾರಿ ಕುಟುಂಬದಲ್ಲಿ ನಡೆಯಲಾಗದ ಮಗು ಎಂದರೆ ಏನು ಅಂತ ಯೋಚಿಸಿ. ದಿನಗಟ್ಟಲೆ ನಡೆಯುವ ಜನ. ಹೊರುವವರು ಯಾರು? ಹಾಗಾಗಿ ಆ ಕೇಂದ್ರ ಹಗಲು ಬಂದು ಹೋಗುವ ಜಾಗವಾಗಿರಲಿಲ್ಲ. ಮಕ್ಕಳಿಗೆ ಅದೇ ಮನೆ. ಈ ಏಳು ಜನ ಹಗಲೂ ರಾತ್ರಿಯೂ ಅವರಿಗೆ ತಾಯಂದಿರು.

ಪ್ರಾರ್ಥನೆಗೂ ಒಂದು ಜಾಗ ಇಟ್ಟುಕೊಂಡಿದ್ದರು. ಭಾನುವಾರ, ಹಬ್ಬದ ದಿನ ಮರುಭೂಮಿಯ ಒಂದು ಸಣ್ಣ ಆಶ್ರಮಕ್ಕೆ ಹೋಗಿ ಮೌನವಾಗಿ ಕೂರುತ್ತಿದ್ದರು. ಅನ್ನಾಲೇನಾ ಅವರಿಗೆ ದಾರಿ ತೋರಿದವರು ಶಾರ್ಲ್ ದ ಫುಕೋ. ಫ್ರಾನ್ಸಿನ ಈ ಗುರು ಅಲ್ಜೀರಿಯಾದ ತಮನ್‌ರಾಸೆಟ್‌ನಲ್ಲಿ ತುಆರೆಗ್ ಮುಸ್ಲಿಮರ ನಡುವೆ ಬಾಳಿ 1916ರಲ್ಲಿ ಗುಂಡಿಗೆ ಬಲಿಯಾದವರು. 2022ರಲ್ಲಿ ಚರ್ಚು ಅವರನ್ನು ಸಂತರೆಂದು ಸಾರಿತು. ಶುಭಸಂದೇಶವನ್ನು ಬಾಯಿಂದ ಅಲ್ಲ, ಬಾಳಿನಿಂದ ಕೂಗಿ ಹೇಳಬೇಕು ಎಂಬುದು ಅವರ ಮಾತು. ವಜೀರ್‌ನ ಹೆಂಗಸರು ಅದನ್ನೇ ಹಿಡಿದರು. ಮತಾಂತರದ ಮಾತು ಅವರ ಕೆಲಸದಲ್ಲಿ ಇರಲೇ ಇಲ್ಲ.

ಇದನ್ನು ಜನ ಒಂದೇ ದಿನದಲ್ಲಿ ನಂಬಲಿಲ್ಲ. ಬೀದಿಯಲ್ಲಿ ಮಕ್ಕಳು ಅವರನ್ನು 'ಗಾಲ್' ಎಂದು ಕೂಗುತ್ತಿದ್ದರು. ನಂಬಿಕೆ ಇಲ್ಲದವರು ಎಂದು ಅದರ ಅರ್ಥ. ಒಳ್ಳೆಯವರೇ, ಆದರೆ ಪಾಪ, ಸ್ವರ್ಗಕ್ಕೆ ಹೋಗುವುದಿಲ್ಲವಲ್ಲ ಎಂದು ಕೆಲವರಿಗೆ ಮರುಕ. ಕೊನೆಗೆ ಒಬ್ಬ ಮುದಿ ಮುಖಂಡ, ನಮ್ಮ ಹತ್ತಿರ ನಂಬಿಕೆ ಇದೆ, ನಿಮ್ಮ ಹತ್ತಿರ ಪ್ರೀತಿ ಇದೆ ಎಂಬ ಅರ್ಥದ ಮಾತು ಹೇಳಿದ್ದನ್ನು ಅನ್ನಾಲೇನಾ ಮರೆಯಲೇ ಇಲ್ಲ.

ಈಗ ಆಫ್ರಿಕಾದಲ್ಲಿರುವ ಹೆಚ್ಚಿನ ಶ್ರೀಸಾಮಾನ್ಯ ಮಿಷನರಿಗಳ ಏರ್ಪಾಡು ಬೇರೆ. ಉದಾಹರಣೆಗೆ ಕೊಂಬೋನಿ ಎಂಬ ಕಥೋಲಿಕ ಮಿಷನರಿ ಸಂಸ್ಥೆಯ ಜೊತೆಗಿರುವ ಶ್ರೀಸಾಮಾನ್ಯ ಮಿಷನರಿಗಳು. ಮಧ್ಯ ಆಫ್ರಿಕಾ ಗಣರಾಜ್ಯದ ಮೊಂಗೂಂಬಾದಲ್ಲಿ ಅವರು ಅಕಾ ಪಿಗ್ಮಿ ಜನರ ನಡುವೆ ಇದ್ದಾರೆ. ಹೊರಡುವ ಮೊದಲು ತರಬೇತಿ, ಅಲ್ಲಿ ಸಣ್ಣ ಗುಂಪಾಗಿ ಒಂದೇ ಮನೆಯಲ್ಲಿ ವಾಸ, ಒಟ್ಟಿಗೆ ಪ್ರಾರ್ಥನೆ, ಗೊತ್ತಾದ ಅವಧಿ, ಹಿಂದೆ ಒಂದು ಮಿಷನರಿ ಕುಟುಂಬ. ವಜೀರ್‌ನವರಿಗೆ ಅವಧಿ ಇರಲಿಲ್ಲ. ಬೆನ್ನಿಗೆ ಯಾರೂ ಇರಲಿಲ್ಲ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗುಡಿಸಲಿನ ಆಸ್ಪತ್ರೆ

ಸೋಮಾಲಿಗಳಲ್ಲಿ ಕ್ಷಯ ಬರೀ ಕಾಯಿಲೆಯಲ್ಲ, ಕಳಂಕ. ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದೇ ನಂಬಿಕೆ. ಕಫದಲ್ಲಿ ರಕ್ತ ಬೀಳುತ್ತಿದ್ದರೂ ಜನ ಒಪ್ಪುತ್ತಿರಲಿಲ್ಲ. ನಮ್ಮಲ್ಲೂ ಟಿಬಿ ಎಂದರೆ ದನಿ ತಗ್ಗಿಸುತ್ತೇವೆ, ಹುಡುಗಿಯ ಮದುವೆ ನಿಂತುಹೋಗುತ್ತದೆಂದು ಮುಚ್ಚಿಡುತ್ತೇವೆ. ಹಾಗಾಗಿ ಇದು ನಮಗೆ ತೀರಾ ಹೊಸದೇನಲ್ಲ.

ಟೀಚರ್ ಆಗಿದ್ದ ಅನ್ನಾಲೇನಾ ಮೊದಲು ಮಾಡಿದ ಕೆಲಸ ಬಹಳ ಚಿಕ್ಕದು. ಎಲ್ಲರೂ ಬಿಟ್ಟುಹೋದ ಕ್ಷಯ ರೋಗಿಗಳ ಹತ್ತಿರ ಹೋದರು, ಆರೈಕೆ ಮಾಡಿದರು. ಔಷಧಿಯ ವಿಷಯ ಅವರಿಗೆ ಆಗ ಏನೂ ಗೊತ್ತಿರಲಿಲ್ಲ. ಹೋಗುತ್ತಾ ಹೋಗುತ್ತಾ ಕಲಿತರು.

ಆ ಹೊತ್ತಿಗೇ ವೈದ್ಯಕೀಯದಲ್ಲಿ ಒಂದು ದೊಡ್ಡ ಬದಲಾವಣೆ ಆಗುತ್ತಿತ್ತು. ರಿಫಾಂಪಿಸಿನ್ ಎಂಬ ಹೊಸ ಔಷಧಿ ಸೇರಿಸಿದರೆ ಒಂದೂವರೆ ವರ್ಷದ ಚಿಕಿತ್ಸೆಯನ್ನು ಆರು ತಿಂಗಳಿಗೆ ಇಳಿಸಬಹುದು ಎಂದು ಪೂರ್ವ ಆಫ್ರಿಕಾದಲ್ಲೇ ನಡೆದ ಪ್ರಯೋಗಗಳು ತೋರಿಸಿದ್ದವು. ಆದರೆ ಒಂದು ಷರತ್ತು. ಆ ಆರು ತಿಂಗಳು ಮಾತ್ರೆ ತಪ್ಪಬಾರದು. ತಪ್ಪಿದರೆ ರೋಗಾಣು ಆ ಒಳ್ಳೆಯ ಔಷಧಿಗೂ ಬಗ್ಗುವುದಿಲ್ಲ. ಆಗ ಕೈಯಲ್ಲಿ ಬೇರೆ ಆಯುಧವೇ ಉಳಿಯುವುದಿಲ್ಲ.

1976ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಂದು ಪ್ರಾಯೋಗಿಕ ಯೋಜನೆಯ ಹೊಣೆ ಅನ್ನಾಲೇನಾ ಅವರಿಗೆ ಬಂತು. ಅಲೆಮಾರಿಗಳಲ್ಲಿ ಕ್ಷಯಕ್ಕೆ ಚಿಕಿತ್ಸೆ ಕೊಡುವುದು ಹೇಗೆ ಎಂಬುದೇ ಪ್ರಶ್ನೆ.

ಇಲ್ಲಿ ಸ್ವಲ್ಪ ನಿಂತು ನಮ್ಮ ಕಡೆ ನೋಡೋಣ. ಇದೇ ಪ್ರಶ್ನೆಯ ಇನ್ನೊಂದು ರೂಪ ದಕ್ಷಿಣ ಭಾರತದಲ್ಲಿ ಮೊದಲೇ ಎದ್ದಿತ್ತು. ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಕ್ಷಯ ಎಂದರೆ ಸ್ಯಾನಿಟೋರಿಯಂ, ಅಂದರೆ ರೋಗಿಯನ್ನು ತಿಂಗಳುಗಟ್ಟಲೆ ಇರಿಸಿಕೊಳ್ಳುವ ಆಸ್ಪತ್ರೆ. ಮೈಸೂರಿನವರಿಗೆ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಿಟೋರಿಯಂ ಗೊತ್ತೇ ಇದೆ. ಮದ್ರಾಸಿನಲ್ಲಿ 1956ರಲ್ಲಿ ಒಂದು ಪ್ರಯೋಗ ಶುರುವಾಯಿತು. ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಿಟೋರಿಯಂನಲ್ಲಿ, ಕೆಲವರನ್ನು ಮನೆಯಲ್ಲೇ ಇಟ್ಟು ಅದೇ ಔಷಧಿ ಕೊಟ್ಟರು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಬಂತು. ಅದರವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿದರು. ಕೆಮ್ಮು ಬಂದವರಲ್ಲಿ ಬಹಳ ಜನ ತಾವಾಗಿಯೇ ಹತ್ತಿರದ ಆಸ್ಪತ್ರೆಗೆ ಹೋಗಿರುತ್ತಾರೆ, ಅಲ್ಲಿ ರೋಗ ಪತ್ತೆಯಾಗದೆ ವಾಪಸ್ ಬಂದಿರುತ್ತಾರೆ ಎಂದು ಕಂಡುಕೊಂಡರು. ಹಾಗಾಗಿ ಚಿಕಿತ್ಸೆಯನ್ನು ಜನರ ಮನೆ ಬಾಗಿಲ ಹತ್ತಿರ ತರಬೇಕು ಎಂಬುದು ನಮ್ಮ ದೇಶದ ಉತ್ತರವಾಯಿತು.

ವಜೀರ್‌ನಲ್ಲಿ ಈ ಎರಡು ಉತ್ತರವೂ ನಡೆಯುವುದಿಲ್ಲ. ಸ್ಯಾನಿಟೋರಿಯಂ ಗೋಡೆಯೊಳಗೆ ಅಲೆಮಾರಿ ನಿಲ್ಲುವುದಿಲ್ಲ. ಮನೆ ಬಾಗಿಲಿಗೆ ಹೋಗೋಣವೆಂದರೆ ಮನೆಯೇ ಒಂಟೆಯ ಮೇಲೆ ಹೊರಟಿರುತ್ತದೆ. ಸೋಮಾಲಿಗಳ 'ಅಕಲ್' ಎಂಬ ಗುಡಿಸಲು ಬಾಗಿಸಿದ ಕೋಲು, ಮೇಲೆ ಚಾಪೆ, ಅಷ್ಟೇ. ಕಟ್ಟುವವರೂ ಬಿಚ್ಚುವವರೂ ಹೆಂಗಸರೇ.

ಅನ್ನಾಲೇನಾ ಆ ಗುಡಿಸಲನ್ನೇ ಹಿಡಿದುಕೊಂಡರು. ಪುನರ್ವಸತಿ ಕೇಂದ್ರದ ಎದುರು ಖಾಲಿ ಮರಳಿತ್ತು. ಬನ್ನಿ, ನಿಮ್ಮ ಗುಡಿಸಲು ತಂದು ಇಲ್ಲೇ ಹಾಕಿಕೊಳ್ಳಿ, ಆರು ತಿಂಗಳು ಇಲ್ಲೇ ಇರಿ ಎಂದು ರೋಗಿಗಳನ್ನು ಕರೆದರು. ಬೀಡು ಬಿಡುವುದು ಅವರಿಗೆ ಗೊತ್ತಿದ್ದ ಕೆಲಸ. ಅಂಥ ಗುಡಿಸಲುಗಳ ಬೀಡಿಗೆ ಕೀನ್ಯಾದವರು ಬಳಸುವ ಮಾತು ಮನ್ಯಾಟಾ. ಹಾಗೆ ಇದಕ್ಕೆ ಟಿಬಿ ಮನ್ಯಾಟಾ ಎಂಬ ಹೆಸರು ಬಂತು. ದಿನವೂ ಔಷಧಿ, ಅದೂ ಇನ್ನೊಬ್ಬರ ಕಣ್ಣೆದುರಿಗೇ ನುಂಗಬೇಕು. ಆರು ತಿಂಗಳು ಮುಗಿದು ಗುಣವಾದ ಮೇಲೆ ಗುಡಿಸಲು ಬಿಚ್ಚಿಕೊಂಡು ಹೋಗಬಹುದು.

ಇದರ ಜಾಣತನ ನನಗೆ ಎರಡು ಮೂರು ಸಲ ಓದಿದ ಮೇಲೆ ಹೊಳೆಯಿತು. ಕಣ್ಣೆದುರು ಮಾತ್ರೆ ನುಂಗಿಸುವುದು ಕಾವಲಿನ ಹಾಗೆ ಕಾಣುತ್ತದೆ. ಆಸ್ಪತ್ರೆಯಲ್ಲಿ ಮಾಡಿದರೆ ಅದು ಕಾವಲೇ. ಆದರೆ ಇಲ್ಲಿ ನೋಡುವವರೂ ಅದೇ ಮರಳಿನಲ್ಲಿ ಬದುಕುವವರು. ಎದುರು ಕೇಂದ್ರದಲ್ಲಿ ಅವರ ಅಡುಗೆ, ಅವರ ಮಕ್ಕಳು, ಅವರ ಪ್ರಾರ್ಥನೆ. ರೋಗಿಯ ಅಕ್ಕಪಕ್ಕದವರೂ ಅದೇ ಕಾಯಿಲೆಯವರು. ಮುಚ್ಚಿಡಬೇಕಾದ್ದು ಏನೂ ಉಳಿಯುವುದಿಲ್ಲ. ನಾಚಿಕೆ ಹೋದ ಕಡೆ ಮಾತ್ರೆ ತಪ್ಪಿಸುವ ಕಾರಣವೂ ಅರ್ಧ ಹೋಗುತ್ತದೆ. ಏಳು ಹೆಂಗಸರು ಮೊದಲೇ ಅಲ್ಲಿ ಮನೆ ಮಾಡಿಕೊಂಡು ಇರದಿದ್ದರೆ 'ಇಲ್ಲೇ ಇರಿ' ಎನ್ನುವ ಹಕ್ಕು ಅನ್ನಾಲೇನಾಗೆ ಇರುತ್ತಿತ್ತೇ? ಇರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ತಾನು ಉಳಿದವರು ಮಾತ್ರ ಇನ್ನೊಬ್ಬರನ್ನು ಉಳಿಯಲು ಕೇಳಬಹುದು.

ಮನ್ಯಾಟಾ ಪದ್ಧತಿಯನ್ನು ಕೀನ್ಯಾದ ಬೇರೆ ಕಡೆಗಳಲ್ಲೂ ತೆಗೆದುಕೊಂಡರು. ಕಣ್ಣೆದುರು ಮಾತ್ರೆ ನುಂಗಿಸುವ ವಿಧಾನವನ್ನು 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಡಾಟ್ಸ್ ಎಂಬ ಹೆಸರಿನಲ್ಲಿ ಲೋಕಕ್ಕೆಲ್ಲ ಹರಡಿತು. ಅದರ ಬೇರು ಒಂದೇ ಅಲ್ಲ. ಮದ್ರಾಸಿನ ಪ್ರಯೋಗಗಳಿವೆ, ತಾಂಜಾನಿಯಾದಲ್ಲಿ ಕರೆಲ್ ಸ್ಟಿಬ್ಲೊ ಎಂಬ ಡಾಕ್ಟರ್ ಮಾಡಿದ ಕೆಲಸವಿದೆ. ವಜೀರ್‌ನ ಮರಳೂ ಆ ಬೇರುಗಳಲ್ಲಿ ಒಂದು. ನಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಡಾಟ್ಸ್ ಮಾತ್ರೆ ನುಂಗಿದವರಿಗೆ ಈ ನಂಟು ಗೊತ್ತಾದರೆ ಸಂತೋಷ.

ವಗಾಲ್ಲಾ

1984ರ ಫೆಬ್ರುವರಿ 10. ಕೀನ್ಯಾದ ಸೈನ್ಯ ವಜೀರ್ ಸುತ್ತಮುತ್ತ ಸೋಮಾಲಿಗಳ ದೆಗೋಡಿಯಾ ಎಂಬ ಕುಲದ ಗಂಡಸರನ್ನು ಹಿಡಿದು ಹತ್ತಿರದ ವಗಾಲ್ಲಾ ಎಂಬಲ್ಲಿಯ ವಿಮಾನ ಪಟ್ಟಿಗೆ ತಂದಿತು. ಕುಲಗಳ ನಡುವಿನ ಜಗಳ ನಿಲ್ಲಿಸಲು ಬಂದೂಕು ಕಸಿಯುತ್ತೇವೆ ಎಂಬುದು ಕೊಟ್ಟ ಕಾರಣ. ಬಟ್ಟೆ ಬಿಚ್ಚಿಸಿ, ನೀರೂ ಕೊಡದೆ, ಉರಿಬಿಸಿಲಿನಲ್ಲಿ ದಿನಗಟ್ಟಲೆ ಕೂರಿಸಿದರು. ಓಡಲು ನೋಡಿದವರಿಗೆ ಗುಂಡು ಹಾಕಿದರು. ಸತ್ತವರು 57 ಎಂದು ಸರ್ಕಾರ ಹೇಳಿತು. ಎಷ್ಟೋ ವರ್ಷಗಳ ನಂತರ, 2013ರಲ್ಲಿ, ಕೀನ್ಯಾದ ಸತ್ಯ ಮತ್ತು ನ್ಯಾಯ ಆಯೋಗ ತನ್ನ ವರದಿಯಲ್ಲಿ ಸಾವಿರದ ಹತ್ತಿರ ಎಂದು ಹೇಳಿತು.

ಅನ್ನಾಲೇನಾ ಆ ಗಂಡಸರಲ್ಲಿ ಎಷ್ಟೋ ಜನರನ್ನು ಬಲ್ಲವರು. ಅವರ ಅಮ್ಮಂದಿರಿಗೆ ಮಾತ್ರೆ ನುಂಗಿಸಿದವರು, ಮಕ್ಕಳನ್ನು ನಡೆಯಲು ಕಲಿಸಿದವರು. ಅವರು ಗಾಡಿ ತೆಗೆದುಕೊಂಡು ಹೋಗಿ ಬಯಲಲ್ಲಿ ಬಿದ್ದಿದ್ದವರನ್ನು ಹುಡುಕಿದರು. ಜೀವ ಇದ್ದವರನ್ನು ತಂದರು. ಸತ್ತವರನ್ನು ಮಣ್ಣು ಮಾಡಿದರು. ನಡೆದದ್ದು ಹೊರದೇಶದವರಿಗೆ ತಿಳಿಯುವಂತೆ ಮಾಡಿದರು.

ಅವರನ್ನು ಸೈನಿಕ ವಿಚಾರಣೆಗೆ ನಿಲ್ಲಿಸಿದರು. ಎರಡು ಸಲ ನಿನ್ನ ಮೇಲೆ ಹೊಂಚು ಹಾಕಿದ್ದೆವು, ತಪ್ಪಿಸಿಕೊಂಡೆ, ಮೂರನೇ ಸಲ ಆಗುವುದಿಲ್ಲ ಎಂದರು. ವಿಚಾರಿಸಿದವರು ಕ್ರೈಸ್ತರು. ಸತ್ತವರು ಮುಸ್ಲಿಮರು. ವಿಚಾರಿಸಿದವರಲ್ಲಿ ಒಬ್ಬ ನಿಷ್ಠ ಕ್ರೈಸ್ತ ಅಧಿಕಾರಿ, ಯಾಕೆ ಹೀಗೆ ಮಾಡುತ್ತೀಯ ಎಂದು ಕೇಳಿದ. ಗೆಳೆಯರಿಗಾಗಿ ಪ್ರಾಣ ಕೊಡಿ ಎಂದ ಯೇಸುಕ್ರಿಸ್ತರಿಗಾಗಿ ಎಂದು ಅವರು ಉತ್ತರ ಕೊಟ್ಟರು. ಇದನ್ನು ಅವರೇ 2001ರಲ್ಲಿ ನೆನಪಿಸಿಕೊಂಡದ್ದು.

1985ರಲ್ಲಿ ಅವರು ಕೀನ್ಯಾ ಬಿಡಬೇಕಾಯಿತು. ಏಳು ಜನರ ಒಟ್ಟು ಬಾಳು ಅಲ್ಲಿಗೆ ಮುರಿಯಿತು.

ಬೆನ್ನಿಗೆ ಯಾರೂ ಇರಲಿಲ್ಲ ಎಂದೆನಲ್ಲ, ಅದಕ್ಕೆ ಎರಡು ಮುಖ. ಒಂದು ದೊಡ್ಡ ಸಂಸ್ಥೆಯವರಾಗಿದ್ದರೆ ಆ ಬಯಲಿಗೆ ಹೋಗುವ ಮೊದಲು ಯಾರನ್ನೋ ಕೇಳಬೇಕಿತ್ತು. ಉಳಿದ ಶಾಲೆ, ಉಳಿದ ಆಸ್ಪತ್ರೆಗಳಿಗೆ ತೊಂದರೆಯಾಗುತ್ತದೆ, ಸುಮ್ಮನಿರಿ ಎಂಬ ಮಾತು ಬರಬಹುದಿತ್ತು. ಅದು ತಪ್ಪು ಮಾತೂ ಅಲ್ಲ, ಸಂಸ್ಥೆ ನಡೆಸುವವರ ಕಷ್ಟ ಅದು. ಅನ್ನಾಲೇನಾ ಯಾರನ್ನೂ ಕೇಳಬೇಕಿರಲಿಲ್ಲ. ಆದರೆ ಹೊರಹಾಕಿದಾಗ ಅವರ ಪರವಾಗಿ ಮಾತಾಡಲು, ಬಿಟ್ಟ ಜಾಗಕ್ಕೆ ಇನ್ನೊಬ್ಬರನ್ನು ಕಳಿಸಲು ಕೂಡ ಯಾರೂ ಇರಲಿಲ್ಲ. ಶ್ರೀಸಾಮಾನ್ಯ ಮಿಷನರಿಗಳನ್ನು ಕಳಿಸುವವರು ಇದನ್ನು ಕೂತು ಚರ್ಚಿಸಬೇಕು. ಸ್ವಾತಂತ್ರ್ಯ ಬೇಕೋ ಆಸರೆ ಬೇಕೋ ಎಂದರೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ವಗಾಲ್ಲಾದ ಆ ದಿನ ಮಾತ್ರ ಸ್ವಾತಂತ್ರ್ಯ ಇದ್ದದ್ದೇ ಒಳ್ಳೆಯದಾಯಿತು.

ಒಬ್ಬರೇ

ಆಮೇಲಿನ ವರ್ಷಗಳಲ್ಲಿ ಅವರು ಉಷ್ಣವಲಯದ ಕಾಯಿಲೆಗಳ ಬಗ್ಗೆ ಓದಿ ಡಿಪ್ಲೊಮಾ ಪಡೆದರು. ಸೋಮಾಲಿಯಾದ ಬೆಲೆತ್‌ವೇಯ್ನ್, ಮೊಗದಿಶು, ಮೆರ್ಕಾ ಊರುಗಳಲ್ಲಿ ಕೆಲಸ ಮಾಡಿದರು. ಅಂತರ್ಯುದ್ಧ, ಬರ, ಲೂಟಿ ಎಲ್ಲದರ ನಡುವೆ. ಮೊಗದಿಶುವಿನ ಧರ್ಮಾಧ್ಯಕ್ಷ (ಬಿಷಪ್) ಸಾಲ್ವತೋರೆ ಕೊಲೊಂಬೋ ಅವರನ್ನು 1989ರಲ್ಲಿ ಬಲಿಪೂಜೆ ಎಂಬ ಚರ್ಚಿನ ಮುಖ್ಯ ಪೂಜೆಯ ಹೊತ್ತಿನಲ್ಲೇ ಗುಂಡಿಟ್ಟು ಕೊಂದಿದ್ದರು. ಮೆರ್ಕಾದ ಕ್ಷಯ ಕೇಂದ್ರದಲ್ಲಿ ಅನ್ನಾಲೇನಾ ನಂತರ ಹೊಣೆ ಹೊತ್ತವರು ಗ್ರಾಜಿಯೆಲ್ಲಾ ಫುಮಗಲ್ಲಿ ಎಂಬ ಡಾಕ್ಟರ್, ಅವರೂ ಇಟಲಿಯ ಶ್ರೀಸಾಮಾನ್ಯರೇ. 1995ರ ಅಕ್ಟೋಬರ್ 22ರಂದು ಅವರ ಕೊಲೆಯಾಯಿತು.

1996ರಲ್ಲಿ ಅನ್ನಾಲೇನಾ ಸೋಮಾಲಿಲ್ಯಾಂಡ್‌ನ, ಅಂದರೆ ಸೋಮಾಲಿಯಾದಿಂದ ಬೇರೆಯಾಗಿದ್ದೇವೆಂದು ಸಾರಿಕೊಂಡ ಉತ್ತರದ ಸೀಮೆಯ, ಬೋರಾಮಾ ಎಂಬ ಊರಿಗೆ ಬಂದರು. ಇಥಿಯೋಪಿಯಾ ಗಡಿಗೆ ಹತ್ತಿರದ ಊರು. ಅಲ್ಲಿ ಕಟ್ಟಿದ ಕ್ಷಯ ಆಸ್ಪತ್ರೆ ಇನ್ನೂರಕ್ಕೂ ಜಾಸ್ತಿ ಹಾಸಿಗೆಗಳವರೆಗೆ ಬೆಳೆಯಿತು. ಈ ಸಲ ಜೊತೆಗಾತಿಯರಿಲ್ಲ. ಚರ್ಚಿಲ್ಲ. ಬಲಿಪೂಜೆಯೂ ಅಪರೂಪ, ಜಿಬೂಟಿಯಲ್ಲಿದ್ದ ಧರ್ಮಾಧ್ಯಕ್ಷರು ಆಗೊಮ್ಮೆ ಈಗೊಮ್ಮೆ ಬಂದಾಗ ಮಾತ್ರ. ಸೋಮಾಲಿ ಹೆಂಗಸರ ಹಾಗೆ ತಲೆಗೆ ವಸ್ತ್ರ, ರೋಗಿಗಳ ಊಟದಂಥದ್ದೇ ಊಟ.

ಒಟ್ಟು ಬಾಳು ಇಲ್ಲದ ಮಿಷನರಿ ಬಾಳುವುದು ಹೇಗೆ? ಬೋರಾಮಾದಲ್ಲಿ ಅವರು ರೋಗಿಗಳನ್ನೂ ಸಿಬ್ಬಂದಿಯನ್ನೂ ತನ್ನ ಸಮುದಾಯ ಮಾಡಿಕೊಂಡರು. ಸಿಬ್ಬಂದಿ ಸೋಮಾಲಿಗಳು. ಚಿಕಿತ್ಸೆಗೆ ತಿಂಗಳುಗಟ್ಟಲೆ ಇರುವವರು ಸುಮ್ನೆ ಮಲಗಿರಬಾರದೆಂದು ಆಸ್ಪತ್ರೆಯಲ್ಲೇ ಪಾಠಗಳು ನಡೆದವು. ಅಕ್ಷರ, ಇಂಗ್ಲಿಷ್, ಕುರಾನ್. ಒಬ್ಬ ಕಥೋಲಿಕ ಮಿಷನರಿ ತನ್ನ ಆಸ್ಪತ್ರೆಯಲ್ಲಿ ಕುರಾನ್ ಪಾಠಕ್ಕೆ ಏರ್ಪಾಡು ಮಾಡಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ರೋಗಿ ಗುಣವಾಗಿ ತನ್ನ ಜನರ ಹತ್ತಿರ ಹೋಗುವಾಗ ತಲೆ ಎತ್ತಿ ಹೋಗಬೇಕು. ಆ ಜನರ ಲೆಕ್ಕದಲ್ಲಿ ತಲೆ ಎತ್ತುವುದು ಎಂದರೆ ಏನೆಂದು ಅವರಿಗೆ ಗೊತ್ತಿತ್ತು.

ಕಣ್ಣಿನ ಪೊರೆಯ ಆಪರೇಷನ್‌ಗೆ ಹೊರಗಿನ ಡಾಕ್ಟರುಗಳನ್ನು ಕರೆಸಿದರು. ಹೆಣ್ಣುಮಕ್ಕಳ ಜನನಾಂಗ ಕತ್ತರಿಸುವ ಪದ್ಧತಿಯ ವಿರುದ್ಧ ಅಲ್ಲಿಯ ಹೆಂಗಸರ ಜೊತೆಗೂಡಿ ಕೆಲಸ ಮಾಡಿದರು. ಎಚ್‌ಐವಿ ಇದ್ದವರನ್ನು ಸೇರಿಸಿಕೊಂಡಾಗ ಊರಿನಲ್ಲಿ ಕೆಲವರು ಸಿಟ್ಟಾದರು. ಆಸ್ಪತ್ರೆಯ ಮೇಲೆ ಕಲ್ಲು ಬಿದ್ದವು. ಅನ್ನಾಲೇನಾ ಊರು ಬಿಟ್ಟು ಹೋಗಲಿಲ್ಲ.

2003ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಅವರಿಗೆ ನಾನ್ಸೆನ್ ಪ್ರಶಸ್ತಿ ಕೊಟ್ಟಿತು. ಅದೇ ವರ್ಷ ಅಕ್ಟೋಬರ್ 5ರ ರಾತ್ರಿ, ಆಸ್ಪತ್ರೆಯ ಆವರಣದಲ್ಲೇ, ರೋಗಿಗಳನ್ನು ನೋಡಿ ಮುಗಿಸಿದ ಹೊತ್ತಿಗೆ ಗುಂಡು ಹೊಡೆದು ಕೊಂದರು. ಅವರಿಗೆ ಅರವತ್ತು ವರ್ಷ. ಎರಡು ವಾರದ ನಂತರ ಅದೇ ಸೋಮಾಲಿಲ್ಯಾಂಡ್‌ನ ಶೇಖ್ ಎಂಬ ಊರಿನಲ್ಲಿ ಶಾಲೆ ನಡೆಸುತ್ತಿದ್ದ ಬ್ರಿಟಿಷ್ ದಂಪತಿಯನ್ನೂ ಕೊಂದರು.

ಇಂಥ ಸಾವಿನ ಮೇಲೆ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ. ಒಬ್ಬರ ಮೇಲೆ ಇಷ್ಟೆಲ್ಲ ನಿಂತಿದ್ದು ಸರಿಯೇ? ಕ್ಷಯ ರೋಗಿಗೆ ನಾಳೆ ಬೆಳಿಗ್ಗೆಯೂ ಮಾತ್ರೆ ಬೇಕು, ಯಾರು ಸತ್ತರೂ. ವಜೀರ್‌ನಲ್ಲಿ ಏಳು ಜನ ಇದ್ದಾಗ ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಇರುತ್ತಿದ್ದರು. ಬೋರಾಮಾದಲ್ಲಿ ಹಣ ತರುವವರು, ತೀರ್ಮಾನ ಮಾಡುವವರು, ಬೈಗುಳ ತಿನ್ನುವವರು ಎಲ್ಲ ಒಬ್ಬರೇ. ಅದು ಅವರ ಆಯ್ಕೆಯೂ ಹೌದು, ಬೇರೆ ದಾರಿ ಇಲ್ಲದ್ದೂ ಹೌದು. ಅವರ ಬಗ್ಗೆ ಇಷ್ಟು ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಈ ಭಾಗವನ್ನು ಯಾರೂ ಅನುಸರಿಸಬಾರದು. ಆದರೂ ಆಸ್ಪತ್ರೆ ಮುಚ್ಚಲಿಲ್ಲ. ಅವರ ಕೈಕೆಳಗೆ ಕಲಿತ ಸೋಮಾಲಿ ಸಿಬ್ಬಂದಿಗೆ ಕೆಲಸ ಗೊತ್ತಿತ್ತು.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಬೋರಾಮಾದಲ್ಲಿ ಕಿವುಡು ಮಕ್ಕಳ ಶಾಲೆ 1997ರಲ್ಲಿ ಶುರುವಾಯಿತು. ಆ ಸೀಮೆಯಲ್ಲಿ ಅದಕ್ಕೂ ಮೊದಲು ಅಂಥ ಶಾಲೆ ಇರಲಿಲ್ಲ. ಸೋಮಾಲಿ ಮಕ್ಕಳಿಗೆ ಹೊಂದುವ ಕೈಸನ್ನೆಯ ಭಾಷೆ ಎಲ್ಲಿಂದ ತರುವುದು? ಅದು ವಜೀರ್‌ನಿಂದ ಬಂತು. ಅಲ್ಲಿಯ ಕಿವುಡು ಮಕ್ಕಳ ಶಾಲೆಯಲ್ಲಿ ಕೀನ್ಯಾದ ಸನ್ನೆಭಾಷೆ ಸೋಮಾಲಿ ಮಕ್ಕಳ ಕೈಯಲ್ಲಿ ತನ್ನದೇ ರೂಪ ಪಡೆದಿತ್ತು. ಹಾಗೆ ಕಲಿತು ದೊಡ್ಡವನಾಗಿದ್ದ ಒಬ್ಬ ಕಿವುಡ ಬೋರಾಮಾಕ್ಕೆ ಬಂದು ಶಾಲೆ ಕಟ್ಟಲು ಕೈಜೋಡಿಸಿದ. ಸೋಮಾಲಿ ಸನ್ನೆಭಾಷೆ ಎಂದು ಇವತ್ತು ಕರೆಯುವುದು ಅದನ್ನೇ. ಬೋರಾಮಾದಿಂದ ಅದು ಬೇರೆ ಊರುಗಳಿಗೆ ಹೋಯಿತು, ಜಿಬೂಟಿಯಲ್ಲೂ ಬಳಕೆಯಲ್ಲಿದೆ.